ಹೆಸರು ಒಂದೇ, ಪಿಸ್ತೂಲು ಬೇರೆ ಬೇರೆ: ಯಾವ 1911 ಕೊಳ್ಳಬೇಕು?

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಟೆಕ್ಸಾಸ್‌ಗೆ ಬಂದು ಬಹಳ ವರ್ಷವಾಯಿತು, ಈಗ ಇಲ್ಲಿನ ಪೌರ. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು, ಆದರೆ ಪಿಸ್ತೂಲು ನನಗೆ ಹೊಸದು. ಸಹೋದ್ಯೋಗಿಯೊಬ್ಬರ ಹಳೇ ಕೋಲ್ಟ್ 1911 ಅನ್ನು ರೇಂಜ್‌ನಲ್ಲಿ ಹೊಡೆದು ನೋಡಿದೆ, ತುಂಬಾ ಹಿಡಿಸಿತು. ಕೊಳ್ಳೋಣ ಅಂತ ಅಂಗಡಿಗೆ ಹೋದರೆ ತಲೆ ಕೆಟ್ಟುಹೋಯಿತು. ನೋಡಲು ಒಂದೇ ಥರ ಇರುವ 1911ಗಳು 450 ಡಾಲರಿಂದ 4,000 ಡಾಲರ್‌ವರೆಗೂ ಇವೆ. ಟರ್ಕಿಯದು, ಫಿಲಿಪೀನ್ಸ್‌ನದು, ಅಮೆರಿಕದ್ದು. ನನ್ನ ಇನ್ನೊಬ್ಬ ಗೆಳೆಯ ಒಳ್ಳೆಯ ಹೆಸರಿನ ಕಂಪನಿಯ 3 ಇಂಚಿನ ಚಿಕ್ಕ 1911 ಕೊಂಡ. ತೋಟೆ ತುಂಬುವ ಒಂದು ಮ್ಯಾಗಜೀನ್ ಖಾಲಿಯಾಗುವಷ್ಟರಲ್ಲಿ ಒಮ್ಮೆಯಾದರೂ ಜಾಮ್ ಆಗುತ್ತದೆ. ‘500 ಗುಂಡು ಹೊಡೀರಿ, ತಾನೇ ಸರಿಹೋಗುತ್ತೆ’ ಅಂದರಂತೆ ಅಂಗಡಿಯವರು. ‘ಎಂಐಎಂ ಪಾರ್ಟ್ ಇದ್ದರೆ ಮುಟ್ಟಬೇಡ’ ಅಂತ ಒಬ್ಬರು, ‘1911 ಅಂದ್ರೇನೇ ತಲೆನೋವು, ಸುಮ್ನೆ ಗ್ಲಾಕ್ ತಗೋ’ ಅಂತ ಇನ್ನೊಬ್ಬರು. ಯಾವ ಕಂಪನಿಯನ್ನು ನಂಬಬಹುದು? ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದಾ? ಮುಂದೆ ಯಾವತ್ತಾದರೂ ಊರಿಗೆ ತರಬಹುದಾ?

ಉತ್ತರ: ನೀವು ಕೇಳಿರುವುದು ಕಂಪನಿಯ ಹೆಸರು. ಆದರೆ ನಿಮ್ಮ ನಿಜವಾದ ಭಯ ಬೇರೆ ಅಲ್ವಾ? ದುಡ್ಡು ಕೊಟ್ಟು ಮನೆಗೆ ತಂದದ್ದು ಗೆಳೆಯನ ಪಿಸ್ತೂಲಿನ ಹಾಗೆ ಕೈಕೊಟ್ಟರೆ ಏನು ಮಾಡುವುದು ಎಂಬುದು. ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಆಗಿ ನನ್ನ ಬೆಂಚಿಗೆ ಅತಿ ಹೆಚ್ಚು ಬರುವ ಪಿಸ್ತೂಲು 1911. ಅದು ಕೆಟ್ಟ ವಿನ್ಯಾಸ ಅಂತಲ್ಲ. ಅದಕ್ಕೆ ಒಬ್ಬ ಯಜಮಾನ ಇಲ್ಲ, ತೊಂದರೆ ಅಲ್ಲಿಂದ ಶುರುವಾಗುತ್ತದೆ.

1911 ಅನ್ನುವುದು ಬ್ರಾಂಡ್ ಅಲ್ಲ. ಜಾನ್ ಮೋಸೆಸ್ ಬ್ರೌನಿಂಗ್ ಮಾಡಿದ ವಿನ್ಯಾಸವನ್ನು ಅಮೆರಿಕದ ಸೇನೆ 1911ರ ಮಾರ್ಚ್ 29ರಂದು ಒಪ್ಪಿಕೊಂಡಿತು. ಅದಕ್ಕೆ ಮೊದಲಿನ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡು ಹೊಡೆದರು, ಒಮ್ಮೆಯೂ ಜಾಮ್ ಆಗಲಿಲ್ಲ. ಈ ಕಥೆಯನ್ನು ಇವತ್ತಿಗೂ ಎಲ್ಲ ಮಾರಾಟಗಾರರೂ ಹೇಳುತ್ತಾರೆ. ಆದರೆ ಪರೀಕ್ಷೆ ಗೆದ್ದದ್ದು ಕೋಲ್ಟ್ ಕಳಿಸಿದ ಪಿಸ್ತೂಲು, ಆ ಕಾಲದ ದುಂಡು ಮೂತಿಯ, 230 ಗ್ರೇನ್ ತೂಕದ .45 ಕ್ಯಾಲಿಬರ್ ಗುಂಡಿನಲ್ಲಿ. ನಿಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿರುವ ಯಾವುದೂ ಆ ಪರೀಕ್ಷೆ ಬರೆದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಇದನ್ನು ಯಾರು ಯಾರು ಮಾಡಿದರು ನೋಡಿ. ಟೈಪ್‌ರೈಟರ್ ಮಾಡುವ ರೆಮಿಂಗ್ಟನ್ ರ್‍ಯಾಂಡ್, ರೈಲ್ವೆ ಸಿಗ್ನಲ್ ಮಾಡುವ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್, ಬೇಟೆ ಬಂದೂಕಿನ ಇಥಾಕಾ, ಜೊತೆಗೆ ಕೋಲ್ಟ್. ಹೊಲಿಗೆ ಯಂತ್ರದ ಸಿಂಗರ್ ಕೂಡ 500 ಪಿಸ್ತೂಲು ಮಾಡಿತು. ಅವು ಈಗ ಸಂಗ್ರಹಕಾರರ ಕೈಯಲ್ಲಿ ಭಾರೀ ಬೆಲೆಗೆ ಹೋಗುತ್ತವೆ. ಅಷ್ಟು ಬೇರೆ ಬೇರೆ ಕಾರ್ಖಾನೆಯಲ್ಲಿ ಮಾಡಿದರೂ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತಿತ್ತು, ಪಿಸ್ತೂಲು ಓಡುತ್ತಿತ್ತು. ಯಾಕೆಂದರೆ ಡ್ರಾಯಿಂಗ್ ಸರ್ಕಾರದ್ದು, ಗೇಜ್ ಸರ್ಕಾರದ್ದು, ಅಳೆದು ನೋಡುವ ಇನ್ಸ್‌ಪೆಕ್ಟರ್ ಕೂಡ ಸರ್ಕಾರದವನೇ.

ಇವತ್ತು ಆ ಇನ್ಸ್‌ಪೆಕ್ಟರ್ ಇಲ್ಲ. ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು, ಯಾರು ಬೇಕಾದರೂ ಮಾಡಬಹುದು. ಬಿಸಿಬೇಳೆಬಾತ್ ಅಂತ ಎಲ್ಲ ಹೋಟೆಲಿನ ಬೋರ್ಡಿನಲ್ಲೂ ಬರೆದಿರುತ್ತಾರೆ, ರುಚಿ ಅವರವರದು. ಒಬ್ಬರು ಬ್ಯಾರೆಲ್ ಬಿಗಿ ಮಾಡುತ್ತಾರೆ, ಒಬ್ಬರು ತೋಟೆ ಕೂರುವ ಚೇಂಬರ್ ಕಿರಿದು ಮಾಡುತ್ತಾರೆ, ಇನ್ನೊಬ್ಬರು ಉದ್ದವನ್ನೇ ಕತ್ತರಿಸುತ್ತಾರೆ. ಗ್ಲಾಕ್ ವಿಷಯದಲ್ಲಿ ಹೀಗಾಗುವುದಿಲ್ಲ. ಅದರ ಡ್ರಾಯಿಂಗ್ ಒಂದೇ ಕಂಪನಿಯ ಕೈಯಲ್ಲಿದೆ. ಹಾಗಾಗಿ ‘1911 ನಂಬಿಕಸ್ಥವಾ’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಈ ಉದ್ದದ, ಈ ಮ್ಯಾಗಜೀನಿನ, ಈ ಒಂದು ಪಿಸ್ತೂಲು ನಂಬಿಕಸ್ಥವಾ ಅಂತ ಕೇಳಬೇಕು.

ಕೆಡುವುದು ಎಲ್ಲಿ? ನನ್ನ ಬಳಿಗೆ ಬರುವ ದೂರುಗಳಲ್ಲಿ ಬಹುಪಾಲು ಎರಡೇ ಕಡೆ ಮುಗಿಯುತ್ತವೆ, ಮ್ಯಾಗಜೀನ್ ಮತ್ತು ಎಕ್ಸ್‌ಟ್ರಾಕ್ಟರ್. ಕಂಪನಿ ಯಾವುದಾದರೂ ಸರಿ.

ಮ್ಯಾಗಜೀನ್ ಮೊದಲು ನೋಡೋಣ. ಅದರ ಮೇಲ್ತುದಿಯ ಎರಡು ತುಟಿಗಳು ತೋಟೆಯನ್ನು ಎಷ್ಟು ಹೊತ್ತು ಹಿಡಿದಿರಬೇಕು, ಯಾವ ಕೋನದಲ್ಲಿ ಬಿಡಬೇಕು ಎಂಬುದರ ಮೇಲೆ ಇಡೀ ಪಿಸ್ತೂಲು ನಿಂತಿದೆ. ಬ್ರೌನಿಂಗ್ ಕಾಲದ ಮ್ಯಾಗಜೀನಿನಲ್ಲಿ 7 ತೋಟೆ. ತುಟಿಗಳು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಅಗಲವಾಗುತ್ತಾ ಹೋಗುತ್ತವೆ, ತೋಟೆಯನ್ನು ಮೆಲ್ಲಗೆ ಬಿಡುತ್ತವೆ. ಆಮೇಲೆ ಜನರಿಗೆ ಅದೇ ಉದ್ದದಲ್ಲಿ 8 ಬೇಕಾಯಿತು. ಜಾಗ ಎಲ್ಲಿಂದ ಬರಬೇಕು? ಸ್ಪ್ರಿಂಗ್ ಮತ್ತು ತೋಟೆಯನ್ನು ಮೇಲೆ ತಳ್ಳುವ ತಟ್ಟೆ, ಅಂದರೆ ಫಾಲೋವರ್‌ನಿಂದಲೇ ಕದಿಯಬೇಕು. ಕೆಲವರು ಚೆನ್ನಾಗಿ ಮಾಡಿದ್ದಾರೆ. ವಿಲ್ಸನ್ ಕಾಂಬ್ಯಾಟ್, ಟ್ರಿಪ್ ರಿಸರ್ಚ್, ಚೆಕ್-ಮೇಟ್ ಇವರ ಮ್ಯಾಗಜೀನುಗಳನ್ನು ಧೈರ್ಯವಾಗಿ ಕೊಳ್ಳಬಹುದು. ಗನ್ ಶೋನಲ್ಲಿ ರಾಶಿ ಹಾಕಿ ಮಾರುವ ಹೆಸರಿಲ್ಲದ ಮ್ಯಾಗಜೀನು ಮಾತ್ರ ಬೇಡ. ಸಾವಿರಾರು ಡಾಲರಿನ ಪಿಸ್ತೂಲಿಗೆ ಹತ್ತು ಡಾಲರಿನ ಮ್ಯಾಗಜೀನ್ ಹಾಕಿಕೊಂಡು ಬಂದು ‘ಗನ್ ಸರಿಯಿಲ್ಲ’ ಅನ್ನುವವರನ್ನು ನಾನು ಬಹಳ ನೋಡಿದ್ದೇನೆ. ಜಾಮ್ ಆದಾಗ ಪಿಸ್ತೂಲು ಬಿಚ್ಚುವ ಮೊದಲು ಮ್ಯಾಗಜೀನ್ ಬದಲಿಸಿ ನೋಡಿ. ಪ್ರತಿಯೊಂದರ ಬುಡಕ್ಕೂ ನಂಬರ್ ಬರೆದಿಡಿ. ತೊಂದರೆ ಯಾವಾಗಲೂ 2ನೇ ನಂಬರಿನದರಲ್ಲೇ ಬರುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಇನ್ನು ಎಕ್ಸ್‌ಟ್ರಾಕ್ಟರ್. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸನ್ನು ಚೇಂಬರಿನಿಂದ ಎಳೆದು ತೆಗೆಯುವ ಕೊಕ್ಕೆ ಅದು. ಈಗಿನ ಬಹುತೇಕ ಪಿಸ್ತೂಲುಗಳಲ್ಲಿ ಕೊಕ್ಕೆ ಬೇರೆ, ಅದನ್ನು ಒತ್ತುವ ಸ್ಪ್ರಿಂಗ್ ಬೇರೆ. 1911 ಪಿಸ್ತೂಲಿನಲ್ಲಿ ಹಾಗಲ್ಲ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಸ್ಲೈಡಿನೊಳಗೆ ಉದ್ದಕ್ಕೆ ಕೂತ ಒಂದೇ ಸ್ಟೀಲ್ ಕಡ್ಡಿ ತಾನೇ ಕೊಕ್ಕೆ, ತಾನೇ ಸ್ಪ್ರಿಂಗ್. ಅದನ್ನು ತುಸುವೇ ಬಗ್ಗಿಸಿ ಒತ್ತಡ ಹೊಂದಿಸಬೇಕು. ಕಡಿಮೆಯಾದರೆ ಕೇಸು ಹೊರಗೆ ಹೋಗದೆ ಸಿಕ್ಕಿಕೊಳ್ಳುತ್ತದೆ. ಜಾಸ್ತಿಯಾದರೆ ಹೊಸ ತೋಟೆ ಕೊಕ್ಕೆಯ ಕೆಳಗೆ ಜಾರುವುದಿಲ್ಲ, ಸ್ಲೈಡ್ ಅರ್ಧದಲ್ಲೇ ನಿಲ್ಲುತ್ತದೆ. ಇದನ್ನು ಯಂತ್ರಕ್ಕಿಂತ ಕೈ ಚೆನ್ನಾಗಿ ಮಾಡುತ್ತದೆ, ಮತ್ತು ಕೈಗೆ ಸಂಬಳ ಕೊಡಬೇಕು. 500 ಡಾಲರಿನ ಪಿಸ್ತೂಲಿಗೂ 3,000 ಡಾಲರಿನದಕ್ಕೂ ನಿಜವಾದ ವ್ಯತ್ಯಾಸ ಬರುವ ಜಾಗಗಳಲ್ಲಿ ಇದು ಒಂದು. ಬಡ ಸ್ಟೀಲಿನ ಕಡ್ಡಿಯಾದರೆ ಇವತ್ತು ಹೊಂದಿಸಿದ್ದು ಕೆಲವು ನೂರು ಗುಂಡಿಗೆ ಸಡಿಲವಾಗುತ್ತದೆ. ಒಳ್ಳೆಯ ಎಕ್ಸ್‌ಟ್ರಾಕ್ಟರ್‌ಗೆ ಏನೂ ಬಹಳ ದುಡ್ಡಾಗುವುದಿಲ್ಲ. ಕೂರಿಸಿ ಹೊಂದಿಸುವುದು ಗೊತ್ತಿದ್ದವರಿಗೆ ಸ್ವಲ್ಪ ಹೊತ್ತಿನ ಕೆಲಸ.

ಈ ಗೋಜೇ ಬೇಡ ಅಂತ ಸ್ಮಿತ್ ಅಂಡ್ ವೆಸನ್ 2003ರಲ್ಲಿ ತನ್ನ 1911 ತಂದಾಗ ಹೊರಗಡೆ ಕೂರುವ, ಪ್ರತ್ಯೇಕ ಸ್ಪ್ರಿಂಗ್ ಇರುವ ಕೊಕ್ಕೆ ಹಾಕಿತು. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಿಂಬರ್ ಕೂಡ ಒಮ್ಮೆ ಆ ದಾರಿ ಹಿಡಿದು, ಮತ್ತೆ ಹಳೆಯ ಒಳಗಿನ ಕೊಕ್ಕೆಗೇ ವಾಪಸಾಯಿತು.

ಒಂದು ಅಭ್ಯಾಸ ಈಗಲೇ ಹೇಳಿಬಿಡುತ್ತೇನೆ. ಚೇಂಬರಿಗೆ ಕೈಯಿಂದ ಒಂದು ತೋಟೆ ಹಾಕಿ ಅದರ ಮೇಲೆ ಸ್ಲೈಡ್ ಬೀಳಿಸಬೇಡಿ. 1911ರಲ್ಲಿ ತೋಟೆ ಮ್ಯಾಗಜೀನಿನಿಂದ ಮೇಲೇರುತ್ತಾ ಕೊಕ್ಕೆಯ ಕೆಳಗೆ ಜಾರಿ ಬರಬೇಕು. ನೇರ ಬೀಳಿಸಿದರೆ ಕೊಕ್ಕೆ ತೋಟೆಯ ಅಂಚಿನ ಮೇಲೆ ಹಾರಿ ಕೂರಬೇಕಾಗುತ್ತದೆ. ಪದೇ ಪದೇ ಹಾಗೆ ಮಾಡಿದರೆ ಒಳ್ಳೆಯ ಎಕ್ಸ್‌ಟ್ರಾಕ್ಟರ್ ಕೂಡ ಹಾಳಾಗುತ್ತದೆ.

ಈಗ ನಿಮ್ಮ ಗೆಳೆಯನ ವಿಷಯ. ಅವನು ಕಂಪನಿಯನ್ನು ಬೈಯುವ ಮೊದಲು ಅಳತೆ ನೋಡಲಿ. ಮೂಲ ವಿನ್ಯಾಸದ ಬ್ಯಾರೆಲ್ 5 ಇಂಚು. ಕೋಲ್ಟ್ 1950ರ ಹೊತ್ತಿಗೆ ಕಮಾಂಡರ್ ಹೆಸರಿನಲ್ಲಿ ಅದನ್ನು 4.25 ಇಂಚಿಗೆ ಇಳಿಸಿತು. ಅದು ಪರವಾಗಿಲ್ಲ. 1980ರ ದಶಕದಲ್ಲಿ 3.5 ಇಂಚಿನ ಆಫೀಸರ್ಸ್ ಬಂತು, ಆಮೇಲೆ 3 ಇಂಚಿನವು. ಉದ್ದ ಕತ್ತರಿಸಿದಾಗ ಸ್ಲೈಡ್ ಹಗುರವಾಗುತ್ತದೆ, ವೇಗವಾಗಿ ಓಡುತ್ತದೆ. ಹಿಂದೆ ಹೋಗುವ ದೂರವೂ ಕಡಿಮೆ. ಮ್ಯಾಗಜೀನ್ ಸ್ಪ್ರಿಂಗಿಗೆ ಮುಂದಿನ ತೋಟೆಯನ್ನು ಮೇಲೆತ್ತಲು ಸಿಗುವ ಸಮಯ ಅಷ್ಟಕ್ಕೆ ಅಷ್ಟೇ. ಬ್ಯಾರೆಲ್ ಜಾಸ್ತಿ ಕೋನದಲ್ಲಿ ವಾಲಬೇಕು. ಸ್ಲೈಡನ್ನು ಮುಂದೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಗಿಡ್ಡ, ಗಟ್ಟಿ, ಹಾಗಾಗಿ ಬೇಗ ಸೋಲುತ್ತದೆ. ಮಣಿಕಟ್ಟು ಸ್ವಲ್ಪ ಸಡಿಲವಾದರೂ ಸಾಕು, ಜಾಮ್. ಚಿಕ್ಕ 1911ಗಳಲ್ಲಿ ಚೆನ್ನಾಗಿ ಓಡುವವು ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಮೊದಲ 1911 ಆಗಿ ಅದನ್ನು ಯಾರಿಗೂ ನಾನು ಹೇಳುವುದಿಲ್ಲ. ಅವನು ಹೊಸ ರಿಕಾಯಿಲ್ ಸ್ಪ್ರಿಂಗ್ ಮತ್ತು ಒಳ್ಳೆಯ ಎರಡು ಮ್ಯಾಗಜೀನ್ ಹಾಕಿ, ದುಂಡು ಮೂತಿಯ ಗುಂಡಿನಲ್ಲಿ ಹೊಡೆದು ನೋಡಲಿ. ಆಗಲೂ ಜಾಮ್ ಆದರೆ ಕಂಪನಿಗೆ ವಾಪಸು ಕಳಿಸಲಿ. ವಾರಂಟಿ ಇರುವುದು ಅದಕ್ಕೇ.

ಅಂಗಡಿಯವರ 500 ಗುಂಡಿನ ಮಾತು ಅರ್ಧ ನಿಜ. ಲೆಸ್ ಬೇರ್ ಥರದವರು ಸ್ಲೈಡ್ ಮತ್ತು ಬ್ಯಾರೆಲ್ ಅನ್ನು ಬಹಳ ಬಿಗಿಯಾಗಿ ಕೂರಿಸುತ್ತಾರೆ. ಅಂಥವು ಹೊಸದರಲ್ಲಿ ಕೈಯಿಂದ ಎಳೆಯಲೂ ಕಷ್ಟ, ಹೊಡೆದು ಹೊಡೆದು ನುಣುಪಾಗುತ್ತವೆ. ಆದರೆ ಲೋಹ ಉಜ್ಜಿ ಸರಿಹೋಗುವ ತೊಂದರೆಯೇ ಬೇರೆ, ಹಾಗೆ ಸರಿಹೋಗದ್ದೇ ಬೇರೆ. ಸ್ಲೈಡ್ ಕೊನೆಯ ಕಾಲಿಂಚು ಮುಚ್ಚಿಕೊಳ್ಳದೆ ನಿಲ್ಲುತ್ತಿದ್ದರೆ, ಎಣ್ಣೆ ಹಾಕಿ ಒಂದೆರಡು ನೂರು ಗುಂಡು ನೋಡಬಹುದು. ಕೇಸು ಹೊರಬರುತ್ತಿಲ್ಲ, ತೋಟೆಯ ಮೂತಿ ಪ್ರತಿ ಸಲ ಚೇಂಬರಿಗೆ ಏರುವ ಇಳಿಜಾರಾದ ರ್‍ಯಾಂಪಿಗೆ ಗುದ್ದಿ ನಿಲ್ಲುತ್ತಿದೆ ಅಂದರೆ 500 ಅಲ್ಲ, 5,000 ಹೊಡೆದರೂ ಅಷ್ಟೇ. .45 ಗುಂಡಿನ ಬೆಲೆ ನೋಡಿದರೆ, ಕಂಪನಿ ಮಾಡಬೇಕಾದ ಕೆಲಸಕ್ಕೆ ನೀವು ದುಡ್ಡು ಸುಟ್ಟ ಹಾಗಾಗುತ್ತದೆ.

ಎಂಐಎಂ ಅಂದರೆ ಲೋಹದ ಪುಡಿಯನ್ನು ಅಂಟಿನ ಜೊತೆ ಕಲಸಿ, ಅಚ್ಚಿಗೆ ಒತ್ತಿ, ಆಮೇಲೆ ಕುಲುಮೆಯಲ್ಲಿ ಗಟ್ಟಿ ಮಾಡುವ ವಿಧಾನ. ಕುಲುಮೆಯಲ್ಲಿ ಭಾಗ ಸುಮಾರು ಐದನೇ ಒಂದರಷ್ಟು ಕುಗ್ಗುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಅಚ್ಚು ದೊಡ್ಡದು ಮಾಡಿರುತ್ತಾರೆ. ಚೆನ್ನಾಗಿ ಮಾಡಿದರೆ ಒಳ್ಳೆಯ ಭಾಗವೇ ಬರುತ್ತದೆ. ಕಾರಿನಲ್ಲಿ, ಆಸ್ಪತ್ರೆಯ ಉಪಕರಣದಲ್ಲಿ ಎಲ್ಲ ಇದೆ. ಒಳಗೆ ಗುಳ್ಳೆ ಉಳಿದರೆ ಮುರಿಯುತ್ತದೆ. ನನ್ನ ಅಭಿಪ್ರಾಯ ಇಷ್ಟು: ಥಂಬ್ ಸೇಫ್ಟಿ, ಮ್ಯಾಗಜೀನ್ ಕ್ಯಾಚ್, ಮೇನ್‌ಸ್ಪ್ರಿಂಗ್ ಹೌಸಿಂಗ್ ಎಂಐಎಂ ಆಗಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಎಕ್ಸ್‌ಟ್ರಾಕ್ಟರ್ ಸ್ಪ್ರಿಂಗಿನ ಥರ ಬಾಗಿ ನಿಲ್ಲಬೇಕು, ಅಲ್ಲಿ ಎಂಐಎಂ ಬೇಡ. ಸ್ಲೈಡ್ ಸ್ಟಾಪ್ ಹೊಡೆತ ತಿನ್ನುವ ಭಾಗ, ಅಲ್ಲೂ ಬಾರ್ ಸ್ಟೀಲಿನದು, ಅಂದರೆ ಇಡೀ ಸ್ಟೀಲ್ ಕಡ್ಡಿಯಿಂದ ಕೊರೆದು ತೆಗೆದದ್ದು ಇದ್ದರೆ ಒಳ್ಳೆಯದು. ಫ್ರೇಮ್ ಎರಕದ್ದಾ, ಫೋರ್ಜ್ ಮಾಡಿದ್ದಾ (ಕಾಯಿಸಿ ಬಡಿದು ಮಾಡಿದ್ದಾ) ಎಂಬ ಜಗಳವನ್ನು ಬಿಟ್ಟುಬಿಡಿ. ರೂಗರ್ 2011ರಲ್ಲಿ ತಂದ ಎಸ್‌ಆರ್1911ರ ಫ್ರೇಮ್ ಎರಕದ್ದೇ. ಎರಕದ ಕೆಲಸ ಆ ಕಂಪನಿಗೆ ಅರೆದು ಕುಡಿದ ವಿದ್ಯೆ.

‘ಸಡಿಲವಾಗಿದ್ದರೆ ನಂಬಿಕಸ್ಥ, ಬಿಗಿಯಾಗಿದ್ದರೆ ಜಾಮ್’ ಅನ್ನುವುದೂ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುವ ಪಿಸ್ತೂಲು ಜಾಮ್ ಆಗುವುದನ್ನೂ, ಬೀಗದಂತೆ ಬಿಗಿಯಾದದ್ದು ವರ್ಷಗಟ್ಟಲೆ ತಪ್ಪದೆ ಓಡುವುದನ್ನೂ ನೋಡಿದ್ದೇನೆ. ಮರಳು, ಕೆಸರಿನಲ್ಲಿ ಸಡಿಲದ್ದಕ್ಕೆ ಅನುಕೂಲ ಇದೆ, ನಿಜ. ರೇಂಜ್‌ನಲ್ಲಿ ಎಣ್ಣೆ ಸಾಕು. 1911 ಒಣಗಿದರೆ ಮುನಿಸಿಕೊಳ್ಳುತ್ತದೆ.

ಸೀರೀಸ್ 70, ಸೀರೀಸ್ 80 ಅಂತಲೂ ಕೇಳುತ್ತೀರಿ. ಪಿಸ್ತೂಲು ಕೆಳಗೆ ಬಿದ್ದರೆ ಗುಂಡು ಹಾರದಂತೆ ಕೋಲ್ಟ್ 1983ರಲ್ಲಿ, ತೋಟೆಗೆ ಬಡಿಯುವ ಫೈರಿಂಗ್ ಪಿನ್‌ಗೆ ಒಂದು ತಡೆ ಹಾಕಿತು, ಅದು ಸೀರೀಸ್ 80. ಆ ತಡೆ ಇಲ್ಲದ್ದನ್ನು ಸೀರೀಸ್ 70 ಅನ್ನುತ್ತಾರೆ. ಸ್ಪ್ರಿಂಗ್‌ಫೀಲ್ಡ್ ಅದೇ ಕೆಲಸಕ್ಕೆ ಹಗುರವಾದ ಟೈಟಾನಿಯಂ ಪಿನ್ ಬಳಸಿತು. ಜಾಮ್ ವಿಷಯಕ್ಕೂ ಇದಕ್ಕೂ ಹೆಚ್ಚು ಸಂಬಂಧ ಇಲ್ಲ.

ಸರಿ, ಕಂಪನಿಗಳಿಗೆ ಬರೋಣ. 400ರಿಂದ 600 ಡಾಲರ್ ಒಳಗೆ ನನಗೆ ಇಷ್ಟವಾಗುವವು ಟರ್ಕಿಯ ಟ್ರಾಬ್‌ಜಾನ್‌ನ ಟಿಸಾಸ್ ಮತ್ತು ಫಿಲಿಪೀನ್ಸ್‌ನ ಆರ್ಮ್‌ಸ್ಕೋರ್ ಮಾಡುವ ರಾಕ್ ಐಲ್ಯಾಂಡ್. ‘ಪರದೇಶದ ಅಗ್ಗದ ಕಬ್ಬಿಣ’ ಎಂಬ ತಾತ್ಸಾರ ಬೇಡ. ಟಿಸಾಸ್‌ನ ಫ್ರೇಮ್ ಮತ್ತು ಸ್ಲೈಡ್ ಎರಡೂ ಫೋರ್ಜ್ ಮಾಡಿದವು. ಹಿಂದೆ ಚೀನಾದ ನೊರಿಂಕೊ 1911ಗಳನ್ನೂ ಹೀಗೇ ಹೀಗಳೆಯುತ್ತಿದ್ದರು. 1994ರಲ್ಲಿ ಅಮೆರಿಕ ಅವುಗಳ ಆಮದು ನಿಲ್ಲಿಸಿದ ಮೇಲೆ, ಎಷ್ಟೋ ಗನ್‌ಸ್ಮಿತ್‌ಗಳು ಅದರ ಗಟ್ಟಿ ಸ್ಟೀಲನ್ನು ಹೊಗಳಿ ಹುಡುಕಲು ಶುರು ಮಾಡಿದರು! ಈ ಬೆಲೆಯಲ್ಲಿ ಲೋಹ ಕೆಟ್ಟದ್ದಿರುವುದಿಲ್ಲ. ಕೊನೆಯ ಹಂತದ ಕೈಕೆಲಸ ಕಡಿಮೆ ಇರುತ್ತದೆ. ಅಂಚುಗಳು ಚೂಪು, ಟ್ರಿಗರ್ ಒರಟು. ಒಂದು ಪಿಸ್ತೂಲು ಚೆನ್ನಾಗಿದ್ದು ಪಕ್ಕದ್ದು ಅಷ್ಟು ಚೆನ್ನಾಗಿಲ್ಲದಿರುವ ಸಂಭವವೂ ಇಲ್ಲೇ ಜಾಸ್ತಿ. ನೂರು, ನೂರೈವತ್ತು ಡಾಲರ್ ಬೇರೆ ಇಟ್ಟುಕೊಳ್ಳಿ, ಮ್ಯಾಗಜೀನಿಗೆ, ಬೇಕಾದರೆ ಎಕ್ಸ್‌ಟ್ರಾಕ್ಟರ್‌ಗೆ.

700ರಿಂದ 1,200ರ ನಡುವೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿ, ರೂಗರ್, ಕೋಲ್ಟ್. ಸ್ಪ್ರಿಂಗ್‌ಫೀಲ್ಡ್ ಹೆಸರು ಕೇಳಿ ಸೇನೆಯ ಕಾರ್ಖಾನೆ ಅಂದುಕೊಳ್ಳಬೇಡಿ. ಆ ಸರ್ಕಾರಿ ಕಾರ್ಖಾನೆ 1968ರಲ್ಲೇ ಮುಚ್ಚಿತು. ಇದು ಇಲಿನಾಯ್‌ನ ಜೆನಿಸಿಯೊದ ಖಾಸಗಿ ಕಂಪನಿ, ಹೆಸರು ಮಾತ್ರ ಅದೇ. ಕೋಲ್ಟ್ ಕೂಡ ಹಳೆಯ ಯಜಮಾನರದ್ದಲ್ಲ. 2021ರಿಂದ ಜೆಕ್ ದೇಶದ ಸಿಝಡ್ ಗುಂಪಿನ ಕೈಯಲ್ಲಿದೆ. ಕೋಲ್ಟ್‌ನ ಕುದುರೆ ಗುರುತಿಗೆ ನೀವು ಸ್ವಲ್ಪ ಜಾಸ್ತಿ ಕೊಡುತ್ತೀರಿ, ಮಾರುವಾಗ ಅದು ವಾಪಸೂ ಬರುತ್ತದೆ.

ಅದೇ ಸಿಝಡ್ ಗುಂಪಿನ ಇನ್ನೊಂದು ಕಂಪನಿ ಡ್ಯಾನ್ ವೆಸನ್, ನ್ಯೂಯಾರ್ಕ್ ರಾಜ್ಯದ ನಾರ್ವಿಚ್‌ನಲ್ಲಿದೆ. 1,500ರಿಂದ 2,000 ಡಾಲರ್ ಆಸುಪಾಸು. ಕೊಟ್ಟ ಪ್ರತಿ ಡಾಲರಿಗೆ ಅತಿ ಹೆಚ್ಚು ವಾಪಸು ಕೊಡುವುದು ಇದೇ ಅಂತ ನಾನು ಹೇಳುತ್ತೇನೆ. ಅದರಾಚೆ ಅರ್ಕಾನ್ಸಾದ ಬೆರಿವಿಲ್ ಎಂಬ ಸಣ್ಣ ಊರಿನ ವಿಲ್ಸನ್ ಕಾಂಬ್ಯಾಟ್ ಮತ್ತು ನೈಟ್‌ಹಾಕ್, ಮಿಸ್ಸೂರಿಯ ಎಡ್ ಬ್ರೌನ್, ಅಯೋವಾದ ಲೆಸ್ ಬೇರ್. ನೈಟ್‌ಹಾಕ್‌ನಲ್ಲಿ ಒಂದು ಪಿಸ್ತೂಲನ್ನು ಶುರುವಿನಿಂದ ಕೊನೆವರೆಗೆ ಒಬ್ಬನೇ ಗನ್‌ಸ್ಮಿತ್ ಕೂರಿಸುತ್ತಾನೆ. ನೀವು ಅಲ್ಲಿ ಕೊಳ್ಳುವುದು ಅವನ ಗಂಟೆಗಳನ್ನು. ಗುರಿ ನಿಖರವಾಗುತ್ತದೆ, ಟ್ರಿಗರ್ ಬೆಣ್ಣೆ. ಆದರೆ 1,800ಕ್ಕೂ 4,000ಕ್ಕೂ ನಡುವೆ ನಂಬಿಕೆ ಎರಡು ಪಟ್ಟಾಗುವುದಿಲ್ಲ. ಈ ದರ್ಜೆಯ ಪಿಸ್ತೂಲೊಂದು ಎಕ್ಸ್‌ಟ್ರಾಕ್ಟರ್ ತೊಂದರೆಯಿಂದಲೇ ನನ್ನ ಬೆಂಚಿಗೆ ಬಂದದ್ದೂ ಇದೆ. ಯಾರದ್ದು ಅಂತ ಹೇಳುವುದಿಲ್ಲ.

ನಿಮಗೆ ನನ್ನ ಸಲಹೆ: 5 ಇಂಚಿನ, ಪೂರ್ತಿ ಸ್ಟೀಲಿನ, .45 ಕ್ಯಾಲಿಬರಿನ ಸಾದಾ 1911. 9 ಎಂಎಂ ಗುಂಡು ಅಗ್ಗ, ಆಸೆಯಾಗುತ್ತದೆ. ಆದರೆ 9 ಎಂಎಂ ತೋಟೆ ಗಿಡ್ಡ, .45ಗೆ ಮಾಡಿದ ಜಾಗದಲ್ಲಿ ಅದನ್ನು ಓಡಿಸಲು ಒಬ್ಬೊಬ್ಬರು ಒಂದೊಂದು ಉಪಾಯ ಮಾಡಿದ್ದಾರೆ. ಅದು ಎರಡನೇ ಪಿಸ್ತೂಲಾಗಲಿ. ಬಜೆಟ್ 600 ಆದರೆ ಟಿಸಾಸ್, 1,000 ಆದರೆ ಸ್ಪ್ರಿಂಗ್‌ಫೀಲ್ಡ್ ಅಥವಾ ರೂಗರ್. ಮನೆಯ ರಕ್ಷಣೆಗೂ ಇಟ್ಟುಕೊಳ್ಳುವುದಾದರೆ, ಆಗ ಬಳಸುವ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ) ಗುಂಡನ್ನೇ, ಆ ಮ್ಯಾಗಜೀನುಗಳಲ್ಲೇ 200 ಹೊಡೆದು ನೋಡಿ. ಒಂದೂ ತಪ್ಪದಿದ್ದರೆ ಇಡಿ. ತಪ್ಪಿದರೆ ಅದು ರೇಂಜಿಗೆ ಮಾತ್ರ. ನಿಮಗೆ ಬಿಚ್ಚಿ, ಎಣ್ಣೆ ಹಾಕಿ, ಎರಡು ಮೂರು ಸಾವಿರ ಗುಂಡಿಗೊಮ್ಮೆ ರಿಕಾಯಿಲ್ ಸ್ಪ್ರಿಂಗ್ ಬದಲಿಸುವ ವ್ಯವಧಾನ ಇಲ್ಲವೇ? ಹಾಗಾದರೆ ಗ್ಲಾಕ್ ತೆಗೆದುಕೋ ಅಂದವರು ಸರಿಯಾಗೇ ಹೇಳಿದ್ದಾರೆ.

ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಕೊಳ್ಳಬಹುದು, ಹಿಂದಿನವನು ‘ರಿಪೇರಿ’ ಮಾಡಿರದಿದ್ದರೆ. ಮೊದಲು ಫೀಡ್ ರ್‍ಯಾಂಪ್ ನೋಡಿ. ಫ್ರೇಮಿನ ಇಳಿಜಾರಿಗೂ ಬ್ಯಾರೆಲಿನ ಕೆಳ ಅಂಚಿಗೂ ನಡುವೆ ಸುಮಾರು 0.8 ಮಿಲಿಮೀಟರ್ ಸಂದು ಇರಬೇಕು. ಮನೆಯಲ್ಲಿ ಡ್ರೆಮೆಲ್ ಎಂಬ ಉಜ್ಜುವ ಯಂತ್ರ ಹಿಡಿದು ಪಳಪಳ ಹೊಳೆಯುವ ಹಾಗೆ ಉಜ್ಜಿದವರು ಆ ಅಂಚನ್ನೇ ತಿಂದುಹಾಕಿರುತ್ತಾರೆ. ಬ್ಯಾರೆಲ್ ಬದಲಿಸಬಹುದು, ಫ್ರೇಮ್ ಹೋದರೆ ಹೋಯಿತು. ಆಮೇಲೆ ಖಾಲಿ ಪಿಸ್ತೂಲಿನಲ್ಲಿ, ಅಂಗಡಿಯವರ ಅನುಮತಿ ಪಡೆದು, ಹ್ಯಾಮರ್ ಎಳೆದು ಥಂಬ್ ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ಬಿಡಿ. ಸೇಫ್ಟಿ ತೆಗೆದಾಗ ಹ್ಯಾಮರ್ ಬಿದ್ದರೆ ಅಥವಾ ಟಕ್ ಅಂತ ಸ್ವಲ್ಪ ಸರಿದರೂ ವಾಪಸು ಕೊಟ್ಟು ಬನ್ನಿ.

ನೀವು ಪೌರರಾದ್ದರಿಂದ ಕೊಳ್ಳಲು ತೊಂದರೆ ಇಲ್ಲ, ಗ್ರೀನ್ ಕಾರ್ಡ್ ಇದ್ದವರೂ ಕೊಳ್ಳಬಹುದು. ಎಚ್-1ಬಿ ಮೇಲಿರುವವರಿಗೆ ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನಿನ ಅಡ್ಡಿ ಇದೆ. ಅಂಥ ಗೆಳೆಯರ ಪರವಾಗಿ ನೀವು ಕೊಂಡುಕೊಡುವುದು ಅಪರಾಧ.

ಊರಿಗೆ ತರುವ ಯೋಚನೆ ಬಿಡಿ. ಕೊಡವರಂಥ ಕೊಡಗಿನ ಕೆಲವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಆರ್ಮ್ಸ್ ಕಾಯ್ದೆಯಲ್ಲಿ ಸಿಕ್ಕಿರುವ ವಿನಾಯಿತಿ, ವಿದೇಶದಿಂದ ಪಿಸ್ತೂಲು ತರುವ ಪರವಾನಗಿ ಅಲ್ಲ. ಪಿಸ್ತೂಲಿಗಿಂತ ಜಾಸ್ತಿ ಜನ ಸಿಕ್ಕಿಬೀಳುವುದು ಮರೆತುಹೋದ ಒಂದೇ ಒಂದು ತೋಟೆಯಿಂದ. ರೇಂಜಿಗೆ ಒಯ್ದ ಬ್ಯಾಗನ್ನೇ ರಜೆಗೆ ಊರಿಗೂ ತರುತ್ತಾರೆ, ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಮೂಲೆಯ ತೋಟೆ ಕಾಣುತ್ತದೆ, ಆರ್ಮ್ಸ್ ಕಾಯ್ದೆಯಡಿ ಕೇಸು ಬೀಳುತ್ತದೆ. ಗೊತ್ತಿಲ್ಲದೆ ಉಳಿದಿತ್ತು ಅಂತ ನಂಬಿಸಿ ಹೊರಬರುವಷ್ಟರಲ್ಲಿ ರಜೆ ಮುಗಿದು, ಕೋರ್ಟಿನ ಓಡಾಟ ಶುರುವಾಗಿರುತ್ತದೆ. ರೇಂಜಿಗೆ ಬೇರೆ ಬ್ಯಾಗ್ ಇಟ್ಟುಕೊಳ್ಳಿ, ಅದು ಮನೆಯಿಂದ ರೇಂಜಿಗೆ ಬಿಟ್ಟು ಬೇರೆಲ್ಲೂ ಹೋಗದಿರಲಿ.